ಖಾಲಿಯಾದ ಕುರ್ಚಿಯಲ್ಲಿ ಯಾರು ಕೂತರು? ದಿಲ್ಲಿಯ ಹಳೇ ಅಸೆಂಬ್ಲಿಯ ಸದಸ್ಯರ ಕತೆ

(ಇತಿಹಾಸದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಯ ಕಲಾಪದ ಸಂಪುಟವನ್ನು ನಿಮ್ಮಲ್ಲಿ ಯಾರಾದರೂ ಕೈಯಲ್ಲಿ ಹಿಡಿದಿದ್ದೀರಾ? ಇಟ್ಟಿಗೆಯಷ್ಟು ದಪ್ಪ ಇರುತ್ತದೆ. ಹಾಳೆ ಮುಟ್ಟಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ನಾನು ಮೊದಲ ಸಲ ತೆಗೆದಾಗ ಎಲ್ಲರ ಹಾಗೆ ಭಾಷಣಗಳನ್ನು ಹುಡುಕಿಕೊಂಡು ಹೋದೆ. ಮೋತಿಲಾಲ್ ನೆಹರು ಏನಂದರು, ಜಿನ್ನಾ ಏನಂದರು, ಲಜಪತ ರಾಯ್ ಹೇಗೆ ಗುಡುಗಿದರು, ಇದೇ. ಆಮೇಲೆ ಒಂದು ಚಿಕ್ಕ ಸಂಗತಿ ಕಣ್ಣಿಗೆ ಬಿತ್ತು. ಒಂದೊಂದು ದಿನದ ಕಲಾಪವೂ ಒಂದೇ ಥರ ಶುರುವಾಗುತ್ತದೆ. ಸಭೆ ಹನ್ನೊಂದು ಗಂಟೆಗೆ ಸೇರಿತು, ಅಧ್ಯಕ್ಷರು ಪೀಠದಲ್ಲಿದ್ದರು. ಅದರ ಕೆಳಗೆ ಎಷ್ಟೋ ದಿನ ಇನ್ನೊಂದು ಪುಟ್ಟ ಶೀರ್ಷಿಕೆ: ಪ್ರಮಾಣ ಸ್ವೀಕರಿಸಿದ ಸದಸ್ಯರು. ಕೆಳಗೆ ಎರಡು ಮೂರು ಹೆಸರು. ಪಕ್ಕದಲ್ಲಿ ಕಂಸದೊಳಗೆ ಅವರ ಕ್ಷೇತ್ರ, ಇಲ್ಲವೇ ‘ಸರ್ಕಾರಿ ನೇಮಕ’ ಎಂಬ ಮಾತು. ಅದಾದ ಮೇಲೆ ಪ್ರಶ್ನೋತ್ತರ.

ಆ ಎರಡು ಮೂರು ಸಾಲುಗಳನ್ನು ಯಾರೂ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ. ಒಂದು ದಿನ ಸುಮ್ನೆ ಕೂತು ಆ ಹೆಸರುಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಾ ಹೋದೆ. ಹೊಸಬರು ಯಾರು ಬಂದರು, ಯಾರ ಜಾಗಕ್ಕೆ ಬಂದರು, ಆ ಜಾಗ ಯಾಕೆ ಖಾಲಿಯಾಯಿತು. ಭಾಷಣದಲ್ಲಿ ಕಾಣದ ರಾಜಕೀಯ ಅಲ್ಲಿ ಕಾಣುತ್ತದೆ. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು ಮನೆಯ ನಕ್ಷೆ. 1919ರ ಕಾಯ್ದೆಯ ಪ್ರಕಾರ ಕೇಂದ್ರದಲ್ಲಿ ಎರಡು ಸದನ. ಮೇಲ್ಮನೆ ಕೌನ್ಸಿಲ್ ಆಫ್ ಸ್ಟೇಟ್. ಕೆಳಮನೆ ಲೆಜಿಸ್ಲೇಟಿವ್ ಅಸೆಂಬ್ಲಿ. ಅಸೆಂಬ್ಲಿಯಲ್ಲಿ 145 ಜನ. 104 ಜನ ಚುನಾಯಿತರು. ಉಳಿದ 41 ಜನ ನೇಮಕವಾದವರು. ಆ 41ರಲ್ಲಿ 26 ಜನ ಸರ್ಕಾರಿ ಅಧಿಕಾರಿಗಳು, 15 ಜನ ಅಧಿಕಾರಿಗಳಲ್ಲದವರು. ಚುನಾಯಿತರಲ್ಲೂ ಭಾಗ ಇತ್ತು. 52 ಸಾಮಾನ್ಯ ಸ್ಥಾನ, 30 ಮುಸ್ಲಿಮರಿಗೆ, 2 ಸಿಖ್ಖರಿಗೆ. ಉಳಿದ 20 ಜಮೀನ್ದಾರರು, ಐರೋಪ್ಯರು ಮತ್ತು ಭಾರತೀಯ ವ್ಯಾಪಾರಿಗಳಿಗೆ. ಓಟು ಹಾಕುವ ಹಕ್ಕು ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಕೂಲಿ ಮಾಡುವವನಿಗೆ ಅದರ ಗೊಡವೆ ಇರಲಿಲ್ಲ.

ನಮ್ಮವರು ಎಲ್ಲಿದ್ದರು ಅಂತ ಕೇಳುತ್ತೀರಿ. ಆಗ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲವಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬಯಿ ಪ್ರಾಂತದ ದಕ್ಷಿಣ ವಿಭಾಗದಲ್ಲಿದ್ದವು. ರತ್ನಾಗಿರಿ, ಕೊಲಾಬಾ ಕೂಡ ಅದೇ ವಿಭಾಗ. ಅಂದರೆ ಘಟ್ಟದ ಮೇಲಿನ ಕನ್ನಡಿಗರು, ಕೆಳಗಿನ ಕೊಂಕಣದವರು ಒಂದೇ ಗಾಡಿಯಲ್ಲಿ. ಆ ವಿಭಾಗದ ಗ್ರಾಮೀಣ ಕ್ಷೇತ್ರದಿಂದ ಬೆಳಗಾವಿಯ ದತ್ತೋಪಂತ ಬೆಳವಿ ಅಸೆಂಬ್ಲಿಗೆ ಹೋಗಿದ್ದರು. ಬಳ್ಳಾರಿಯವರು ಮದ್ರಾಸಿನ ದತ್ತ ಜಿಲ್ಲೆಗಳು (ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಜಿಲ್ಲೆಗಳು) ಮತ್ತು ಚಿತ್ತೂರು ಎಂಬ ಕ್ಷೇತ್ರಕ್ಕೆ ಸೇರಿದ್ದರು. ದಕ್ಷಿಣ ಕನ್ನಡದವರು ನೀಲಗಿರಿಯ ಜೊತೆ. ಮೈಸೂರಿನವರಿಗೆ ಏನೂ ಇಲ್ಲ, ಅದು ಸಂಸ್ಥಾನ. ಮೈಸೂರಿನವರು ದಿಲ್ಲಿಯ ಸುದ್ದಿಯನ್ನು ಪೇಪರಿನಲ್ಲಿ ಓದಿಕೊಂಡು ಚರ್ಚೆ ಮಾಡಬಹುದಿತ್ತು, ಅಷ್ಟೇ.

ಒಂದು ತಮಾಷೆಯ ಕುರ್ಚಿಯ ಕತೆ ಇಲ್ಲೇ ಹೇಳಿಬಿಡುತ್ತೇನೆ. ಬೇರಾರ್, ಅಂದರೆ ಅಮರಾವತಿ, ಯವತ್ಮಾಳದ ಕಡೆ. ಅದು ಕಾಗದದ ಮೇಲೆ ನಿಜಾಮರದು, ಆಡಳಿತ ಬ್ರಿಟಿಷರದು. ಬ್ರಿಟಿಷ್ ಇಂಡಿಯಾ ಅಲ್ಲದ ಮೇಲೆ ಅಲ್ಲಿಂದ ಸದಸ್ಯರನ್ನು ಚುನಾಯಿಸುವುದು ಹೇಗೆ? ಹಾಗಂತ ಬಿಡುವುದಕ್ಕೂ ಆಗದು. ಅದಕ್ಕೆ ಅವರು ಮಾಡಿದ ಉಪಾಯ ನೋಡಿ. ಚುನಾವಣೆ ನಡೆಸುವುದು, ಗೆದ್ದವನನ್ನು ಸರ್ಕಾರ ‘ನೇಮಕ’ ಮಾಡುವುದು! ಲೋಕನಾಯಕ ಬಾಪೂಜಿ ಅಣೆ ಆ ಥರ ಕೂತವರು. ಜನ ಓಟು ಹಾಕಿ ಕಳಿಸಿದ್ದರೂ ಲೆಕ್ಕದಲ್ಲಿ ಅವರು ನೇಮಕದ 15 ಜನರ ಪಟ್ಟಿಗೆ. ಕಾನೂನು ಪಂಡಿತರು ಮನಸ್ಸು ಮಾಡಿದರೆ ಏನು ಬೇಕಾದರೂ ಮಾಡುತ್ತಾರೆ, ಅಲ್ವಾ?

ಈಗ ವಿಷಯಕ್ಕೆ ಬರೋಣ. ಒಂದು ಕುರ್ಚಿ ಹೇಗೆ ಖಾಲಿಯಾಗುತ್ತದೆ?

ಸರ್ಕಾರಿ ಸದಸ್ಯರದು ಬಹಳ ಸುಲಭ. ಪ್ರಾಂತದಿಂದ ಒಬ್ಬ ಕಲೆಕ್ಟರ್ ದರ್ಜೆಯ ಅಧಿಕಾರಿಯನ್ನು ಅಧಿವೇಶನಕ್ಕೆ ಕರೆಸುತ್ತಾರೆ. ಅವನು ಪ್ರಮಾಣ ತೆಗೆದುಕೊಳ್ಳುತ್ತಾನೆ. ಗಂಟೆ ಬಾರಿಸಿದಾಗ ಸರ್ಕಾರ ಹೇಳಿದ ಕಡೆ ಓಟು ಹಾಕುತ್ತಾನೆ. ರಜೆ ಬಂತು, ವರ್ಗವಾಯಿತು, ಅವನು ಹೋದ. ಅವನ ಜಾಗಕ್ಕೆ ಇನ್ನೊಬ್ಬ. ಒಂದು ಅಧಿಸೂಚನೆ ಸಾಕು. ಪ್ರಮಾಣ ತೆಗೆದುಕೊಂಡವರ ಪಟ್ಟಿಯಲ್ಲಿ ಇಂಥ ಹೆಸರುಗಳೇ ಜಾಸ್ತಿ. ವ್ಯಕ್ತಿ ಬದಲಾದರೂ ಓಟು ಬದಲಾಗುವುದಿಲ್ಲ. ಮೇಲಿನವರಲ್ಲೂ, ಅಂದರೆ ಖಾತೆ ನೋಡಿಕೊಳ್ಳುವ ವೈಸರಾಯ್ ಮಂಡಳಿಯ ‘ಸದಸ್ಯ’ರಲ್ಲೂ ಹಾಗೇ. ಮಾಲ್ಕಮ್ ಹೇಲಿ ಹಣಕಾಸು ನೋಡಿಕೊಂಡರು, ಗೃಹ ನೋಡಿಕೊಂಡರು, 1924ರಲ್ಲಿ ಪಂಜಾಬಿನ ಗವರ್ನರ್ ಆಗಿ ಎದ್ದು ಹೋದರು. ಆ ಜಾಗಕ್ಕೆ ಅಲೆಕ್ಸಾಂಡರ್ ಮಡ್ಡಿಮನ್ ಬಂದರು. ಸರ್ಕಾರದ ಬೆಂಚಿಗೆ ಒಂದು ದಿನವೂ ತೂತು ಬೀಳಲಿಲ್ಲ.

ಚುನಾಯಿತನ ಕುರ್ಚಿ ಹಾಗಲ್ಲ. ಅವನು ರಾಜೀನಾಮೆ ಕೊಟ್ಟರೆ ಗವರ್ನರ್ ಜನರಲ್ (ವೈಸರಾಯ್ ಅಂದರೂ ಅವರೇ) ಒಪ್ಪಬೇಕು. ಸತತ ಎರಡು ತಿಂಗಳು ಇಂಡಿಯಾ ಬಿಟ್ಟು ಹೋದರೆ, ಇಲ್ಲವೇ ಕೆಲಸಕ್ಕೆ ಬರಲಾಗದೇ ಹೋದರೆ ಸ್ಥಾನ ಖಾಲಿ ಅಂತ ಘೋಷಿಸುವ ಅಧಿಕಾರವೂ ಗವರ್ನರ್ ಜನರಲ್‌ಗೆ ಇತ್ತು. ಸರ್ಕಾರಿ ಹುದ್ದೆ ಒಪ್ಪಿಕೊಂಡರೂ ಸ್ಥಾನ ಹೋಗುತ್ತದೆ. ಇದು ಮೊದಲ ವರ್ಷವೇ ಆಯಿತು. ಸಚ್ಚಿದಾನಂದ ಸಿನ್ಹಾ 1921ರಲ್ಲಿ ಅಸೆಂಬ್ಲಿಯ ಮೊದಲ ಉಪಾಧ್ಯಕ್ಷರಾದರು. ಅದೇ ವರ್ಷ ಬಿಹಾರ ಸರ್ಕಾರದ ಕಾರ್ಯಕಾರಿ ಮಂಡಳಿಗೆ ಹೋದರು. ಹೊಸ ಮನೆಯ ಉಪಾಧ್ಯಕ್ಷನೇ ವರ್ಷ ತುಂಬುವ ಮೊದಲು ಬದಲು! ಇದೇ ಸಿನ್ಹಾ ಆಮೇಲೆ 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಹಂಗಾಮಿ ಅಧ್ಯಕ್ಷರಾದದ್ದು ನಿಮಗೆ ಪರೀಕ್ಷೆಗೆ ಬರುವ ಪ್ರಶ್ನೆ, ಗೊತ್ತಿರುತ್ತದೆ.

ಹೀಗೆ ಚುನಾಯಿತನ ಕುರ್ಚಿ ಖಾಲಿಯಾದರೆ ಉಪಚುನಾವಣೆ ಆಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಸರ್ಕಾರದ ಕುರ್ಚಿಗೆ ಒಂದು ಕಾಗದ ಸಾಕು. ಒಂದೊಂದು ಓಟಿಗೂ ಬೆಲೆ ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಓಟಿನ ಬೆಲೆ ಎಷ್ಟಿತ್ತು? 1925ರ ಆಗಸ್ಟ್, ಶಿಮ್ಲಾ. ಅಲ್ಲಿಯವರೆಗೆ ಅಧ್ಯಕ್ಷರಾಗಿದ್ದವರು ಸರ್ಕಾರ ನೇಮಿಸಿದ ಫ್ರೆಡರಿಕ್ ವೈಟ್. ಮೊದಲ ಸಲ ಸದನವೇ ಅಧ್ಯಕ್ಷನನ್ನು ಆರಿಸಬೇಕು. ಶಾಸನಸಭೆಯ ಒಳಗೆ ಹೋಗಿ ಹೋರಾಡಬೇಕು ಅಂತ ಕಾಂಗ್ರೆಸ್ಸಿಗರೇ ಕಟ್ಟಿದ ಸ್ವರಾಜ್ ಪಕ್ಷದ ವಿಠ್ಠಲಭಾಯಿ ಪಟೇಲ್ ಒಂದು ಕಡೆ, ಟಿ. ರಂಗಾಚಾರಿಯಾರ್ ಇನ್ನೊಂದು ಕಡೆ. ಪಟೇಲರಿಗೆ 58, ರಂಗಾಚಾರಿಯಾರ್‌ಗೆ 56. ಎರಡೇ ಓಟು. ಅವತ್ತು ಇಬ್ಬರು ಜ್ವರ ಬಂದು ಮಲಗಿದ್ದರೆ ಫಲಿತಾಂಶ ಏನಾಗುತ್ತಿತ್ತೋ.

ಮೂರು ವರ್ಷ ಮುಂದೆ ಹೋಗಿ. 1928ರ ಫೆಬ್ರವರಿಯಲ್ಲಿ ಸೈಮನ್ ಆಯೋಗದ ಮೇಲೆ ವಿಶ್ವಾಸ ಇಲ್ಲ ಎಂಬ ಲಜಪತ ರಾಯ್ ಅವರ ಗೊತ್ತುವಳಿ 68ಕ್ಕೆ 62ರಲ್ಲಿ ಗೆದ್ದಿತು. ಅದೇ ಸೆಪ್ಟೆಂಬರಿನಲ್ಲಿ ಪಬ್ಲಿಕ್ ಸೇಫ್ಟಿ ಮಸೂದೆ ಬಂತು. ಹೊರದೇಶದಿಂದ ಬಂದ ಕಮ್ಯುನಿಸ್ಟರನ್ನು ವಿಚಾರಣೆ ಇಲ್ಲದೆ ಗಡೀಪಾರು ಮಾಡುವ ಮಸೂದೆ. ಓಟು ಎಣಿಸಿದರೆ ಆ ಕಡೆ 61, ಈ ಕಡೆ 61. ಪಟೇಲರು ತಮ್ಮ ನಿರ್ಣಾಯಕ ಮತವನ್ನು ಮಸೂದೆಯ ವಿರುದ್ಧ ಹಾಕಿದರು. ಇಂಥ ಅಸಾಧಾರಣ ಕಾನೂನು ಬೇಕು ಅನ್ನುವವರು ಸದನದಲ್ಲಿ ಬಹುಮತ ಗಿಟ್ಟಿಸಿಕೊಂಡು ಬರಬೇಕು, ನನ್ನ ಓಟಿನಿಂದ ಅದನ್ನು ಪಡೆಯುವಂತಿಲ್ಲ ಎಂಬುದು ಅವರ ವಾದ. ಮಸೂದೆ ಬಿತ್ತು.

ಈಗ ನನ್ನ ನೋಟ್‌ಬುಕ್ಕಿನ ಕಡೆಯಿಂದ ನೋಡಿ. ಆ ಮಸೂದೆಯ ವಿರುದ್ಧ ಗಟ್ಟಿಯಾಗಿ ಮಾತಾಡಿದ ಲಜಪತ ರಾಯ್ 1928ರ ನವೆಂಬರ್ 17ರಂದು ತೀರಿಕೊಂಡರು. ಲಾಹೋರಿನ ಲಾಠಿ ಏಟಿನ ಕತೆ ನಿಮಗೆ ಗೊತ್ತು. ಅದನ್ನು ನಾವು ಹುತಾತ್ಮನ ಕತೆಯಾಗಿ ಓದುತ್ತೇವೆ, ಸರಿಯೇ. ಆದರೆ ಅಸೆಂಬ್ಲಿಯ ಲೆಕ್ಕದಲ್ಲಿ ಅದು 61ರಲ್ಲಿ ಒಂದು ಕುರ್ಚಿ ಕೂಡ. ಸರ್ಕಾರ 1929ರಲ್ಲಿ ಅದೇ ಮಸೂದೆಯನ್ನು ಮತ್ತೆ ತಂದಿತು. ಪಟೇಲರು ಅದರ ಮೇಲೆ ತೀರ್ಪು ಕೊಡಬೇಕಿದ್ದ ದಿನವೇ, ಏಪ್ರಿಲ್ 8ರಂದು, ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಗ್ಯಾಲರಿಯಿಂದ ಬಾಂಬ್ ಎಸೆದದ್ದು. ಕೆಳಗೆ ಹಣಕಾಸು ಸದಸ್ಯ ಜಾರ್ಜ್ ಶುಸ್ಟರ್ ಇದ್ದರು, ಮೋತಿಲಾಲ್ ಇದ್ದರು, ಜಿನ್ನಾ ಇದ್ದರು. ಕೆಲವೇ ದಿನಕ್ಕೆ ಪಟೇಲರು ಚರ್ಚೆಗೆ ಅವಕಾಶ ಇಲ್ಲ ಅಂದರು. ವೈಸರಾಯ್ ಅದನ್ನೇ ಸುಗ್ರೀವಾಜ್ಞೆ ಮಾಡಿ ಹೊರಡಿಸಿದರು. ಕೊನೆಗೆ ಎಲ್ಲ ಅಲ್ಲಿಗೇ ಬರುತ್ತಿತ್ತು. ಸದನ ಬೇಡ ಅಂದದ್ದನ್ನು ವೈಸರಾಯ್ ಬೇಕು ಅಂದರೆ ಆಗುತ್ತಿತ್ತು.

ಹಾಗಾದರೆ ಈ ಕುರ್ಚಿಗಳಿಂದ ಏನು ಪ್ರಯೋಜನ? ಇದೇ ಪ್ರಶ್ನೆ ಆ ಕಾಲದವರನ್ನೂ ಕಾಡಿದ್ದು. 1920ರಲ್ಲಿ ಕಾಂಗ್ರೆಸ್ ಚುನಾವಣೆಗೇ ಬರಲಿಲ್ಲ. 1923ರಲ್ಲಿ ಸ್ವರಾಜ್ ಪಕ್ಷ ಒಳಗೆ ಬಂತು, ನಲವತ್ತಕ್ಕೂ ಜಾಸ್ತಿ ಜನ. 1926ರ ಮಾರ್ಚಿನಲ್ಲಿ ಮೋತಿಲಾಲ್ ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ನಡೆದರು. ಪಟೇಲರು ಪೀಠದಿಂದಲೇ, ಇಷ್ಟು ದೊಡ್ಡ ಪಕ್ಷ ಇಲ್ಲದ ಸದನ ಪ್ರಾತಿನಿಧಿಕ ಅಲ್ಲ, ಸರ್ಕಾರ ಈಗ ವಿವಾದದ ಮಸೂದೆ ತರಬಾರದು ಎಂಬರ್ಥದ ಮಾತಾಡಿದರು. ಮರುದಿನ ಯೋಚನೆ ಮಾಡಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಆ ಮರುದಿನವೇ ಜಾಸ್ತಿ ಇಷ್ಟ. ಪೀಠದಲ್ಲಿ ಕೂತವನು ದುಡುಕಿದೆ ಅಂತ ಒಪ್ಪಿಕೊಳ್ಳುವುದು ಈಗ ಅಪರೂಪ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಎದ್ದು ಹೋಗುವುದು ಬೇರೆ, ರಾಜೀನಾಮೆ ಬೇರೆ. ಎದ್ದು ಹೋದವನ ಕುರ್ಚಿ ಅವನದೇ. ಅದು ಖಾಲಿ ಕಾಣುತ್ತದೆ, ಎಲ್ಲರ ಕಣ್ಣಿಗೂ ಚುಚ್ಚುತ್ತದೆ. ರಾಜೀನಾಮೆ ಕೊಟ್ಟವನ ಕುರ್ಚಿ ಕೆಲವು ತಿಂಗಳಲ್ಲಿ ತುಂಬಿಬಿಡುತ್ತದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಇಳಿಯುವುದಕ್ಕೂ, ಟವೆಲ್ ಎತ್ತಿಕೊಂಡು ಇಳಿಯುವುದಕ್ಕೂ ಇರುವಷ್ಟು ವ್ಯತ್ಯಾಸ.

ನೀವು ನಗುತ್ತಿರುವುದು ಯಾಕೆ ಅಂತ ಗೊತ್ತು. ನಮಗೆ ರಾಜೀನಾಮೆ ಅಂದ ಕೂಡಲೇ 2019 ನೆನಪಾಗುತ್ತದೆ. ರೆಸಾರ್ಟು, ಅನರ್ಹತೆ, ಉಪಚುನಾವಣೆ. ಆ ಕಾಲದ ರಾಜೀನಾಮೆಯಲ್ಲಿ ಮಂತ್ರಿಗಿರಿಯ ಆಸೆ ಇರಲು ಸಾಧ್ಯವೇ ಇರಲಿಲ್ಲ, ಕೇಂದ್ರದಲ್ಲಿ ಸದನಕ್ಕೆ ಜವಾಬ್ದಾರನಾದ ಮಂತ್ರಿಯೇ ಇರಲಿಲ್ಲವಲ್ಲ. ಹಾಗಂತ ಅವರೆಲ್ಲ ದೇವತೆಗಳು ಅಂತಲ್ಲ. ಪಕ್ಷ ಹೇಳಿದರೂ ಕುರ್ಚಿ ಬಿಡದವರು ಆಗಲೂ ಇದ್ದರು.

1929ರ ಡಿಸೆಂಬರ್, ಲಾಹೋರ್ ಕಾಂಗ್ರೆಸ್. ಪೂರ್ಣ ಸ್ವರಾಜ್ಯದ ನಿರ್ಣಯ ಎಲ್ಲರಿಗೂ ನೆನಪಿದೆ. ಅದರ ಜೊತೆಗೆ ಶಾಸನಸಭೆಗಳಿಗೆ ರಾಜೀನಾಮೆ ಕೊಡಿ ಎಂಬ ಕರೆಯೂ ಇತ್ತು. 1930ರ ಜನವರಿಯಿಂದ ಮೋತಿಲಾಲ್ ಮತ್ತು ಅವರ ಸಂಗಡಿಗರು ಹೊರಗೆ. ಮದನ ಮೋಹನ ಮಾಲವೀಯ ಕೂಡಲೇ ಹೋಗಲಿಲ್ಲ. ಅವರು ಉಳಿದು, ಬ್ರಿಟಿಷ್ ಬಟ್ಟೆಗೆ ರಿಯಾಯಿತಿ ಕೊಡುವ ಹತ್ತಿ ಸುಂಕದ ಮಸೂದೆಯ ವಿರುದ್ಧ ಹೋರಾಡಿದರು. ಅದು ಪಾಸಾದ ಮೇಲೆ ಏಪ್ರಿಲ್‌ನಲ್ಲಿ ಅವರೂ ಹೋದರು. ದಂಡಿಯಲ್ಲಿ ಉಪ್ಪು ಎತ್ತಿದ ತಿಂಗಳು ಅದು. ಏಪ್ರಿಲ್ 25ಕ್ಕೆ ವಿಠ್ಠಲಭಾಯಿ ಪೀಠ ಬಿಟ್ಟರು. ಉಪಾಧ್ಯಕ್ಷ ಮುಹಮ್ಮದ್ ಯಾಕೂಬ್ ಆ ಜಾಗಕ್ಕೆ ಬಂದರು. 1931ರ ಜನವರಿಯಲ್ಲಿ ಇಬ್ರಾಹಿಂ ರಹಿಮತುಲ್ಲಾ. 1933ರಲ್ಲಿ ಅವರು ಆರೋಗ್ಯ ಸರಿಯಿಲ್ಲ ಅಂತ ಬಿಟ್ಟ ಮೇಲೆ ಕೊಯಮತ್ತೂರಿನ ಆರ್. ಕೆ. ಷಣ್ಮುಖಂ ಚೆಟ್ಟಿ. ಮೂರು ವರ್ಷದಲ್ಲಿ ಒಂದೇ ಪೀಠಕ್ಕೆ ನಾಲ್ಕು ಜನ.

ಪೀಠದ ಕೆಳಗೆ ಏನಾಯಿತು? 1930ರ ಚುನಾವಣೆಗೆ ಕಾಂಗ್ರೆಸ್ ಬರಲಿಲ್ಲ. ಆದರೆ ಚುನಾವಣೆ ನಿಲ್ಲಲಿಲ್ಲ. ಕುರ್ಚಿಗಳು ಭರ್ತಿಯಾದವು. ಬಂದವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಲ್ಲಿ ಓದಿದವರು, ಯೋಗ್ಯರು ಇದ್ದರು. ಮದ್ರಾಸಿನ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಆಗ ಬಂದವರು. ಆಮೇಲೆ 1946ರಲ್ಲಿ ಮೈಸೂರಿನ ದಿವಾನರಾದರಲ್ಲ, ‘ಮೈಸೂರು ಚಲೋ’ ಕಾಲದ ದಿವಾನರು, ಅವರೇ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಉದಾಹರಣೆ. 1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಾಮ್ರಾಜ್ಯದ ದೇಶಗಳ ಸಭೆ ಸೇರಿತು. ಬ್ರಿಟಿಷ್ ಮಾಲಿಗೆ ನಾವು ಕಡಿಮೆ ಸುಂಕ ಹಾಕಬೇಕು, ನಮ್ಮ ಮಾಲಿಗೆ ಅವರು ರಿಯಾಯಿತಿ ಕೊಡುತ್ತಾರೆ, ಇದು ಒಪ್ಪಂದದ ತಿರುಳು. ಇಂಡಿಯಾದ ನಿಯೋಗದಲ್ಲಿ ಷಣ್ಮುಖಂ ಚೆಟ್ಟಿ ಇದ್ದರು. ಅದೇ ವರ್ಷದ ಕೊನೆಗೆ ಅಸೆಂಬ್ಲಿ ಆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಕಾಂಗ್ರೆಸ್ ಬಿಟ್ಟುಹೋದ ಕುರ್ಚಿಗಳ ಅಸೆಂಬ್ಲಿ ಅದು, ಮರೆಯಬೇಡಿ.

1934ರ ಚುನಾವಣೆಗೆ ಕಾಂಗ್ರೆಸ್ ವಾಪಸ್ ಬಂತು. ಮದ್ರಾಸಿನಲ್ಲಿ ಆದದ್ದು ನೋಡಿ. ಷಣ್ಮುಖಂ ಚೆಟ್ಟಿ ಸದನದ ಅಧ್ಯಕ್ಷರು. ಸರ್ ಪದವಿ, ವಿದ್ವತ್ತು, ದಿಲ್ಲಿಯಲ್ಲಿ ಮನ್ನಣೆ ಎಲ್ಲ ಇತ್ತು. ನಿಂತದ್ದು ಭಾರತೀಯ ವ್ಯಾಪಾರಿಗಳ ಕ್ಷೇತ್ರದಿಂದ. ಬೀದಿಯ ಜನರ ಓಟು ಅಲ್ಲ, ಲೆಕ್ಕ ಗೊತ್ತಿದ್ದ ವ್ಯಾಪಾರಿಗಳ ಓಟು. ಅವರು ಕಾಂಗ್ರೆಸ್ಸಿನ ಸಾಮಿ ವೆಂಕಟಾಚಲಂ ಚೆಟ್ಟಿಗೆ ಸೋತರು. ಒಟ್ಟಾವಾಕ್ಕೆ ಹೋಗಿ ಬಂದದ್ದು ಅವರಿಗೆ ಭಾರವಾಯಿತು. ಮದ್ರಾಸ್ ನಗರದಲ್ಲಿ ರಾಮಸ್ವಾಮಿ ಮುದಲಿಯಾರರನ್ನು ಎಸ್. ಸತ್ಯಮೂರ್ತಿ ಸೋಲಿಸಿದರು. ಮದ್ರಾಸಿನ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದ ಎರಡು ಕಂಬಗಳು ಒಟ್ಟಿಗೆ ಉರುಳಿದವು. ನಮ್ಮ ಬಳ್ಳಾರಿ ಸೇರಿದ್ದ ದತ್ತ ಜಿಲ್ಲೆಗಳ ಕ್ಷೇತ್ರದಿಂದ ಗೆದ್ದವರು ಅನಂತಶಯನಂ ಅಯ್ಯಂಗಾರ್. ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಎರಡು ವರ್ಷ ಕಳೆಯಿತು. 1936ರ ಮಾರ್ಚಿನಲ್ಲಿ ಅದೇ ಅಸೆಂಬ್ಲಿ, ಅದೇ ಕುರ್ಚಿಗಳು, ಅದೇ ಒಟ್ಟಾವಾ ಒಪ್ಪಂದ. ಈ ಸಲ ಸದನ ಹೇಳಿತು, ಒಪ್ಪಂದವನ್ನು ಕೊನೆಗೊಳಿಸಿ ಅಂತ. ಕಾಂಗ್ರೆಸ್ ಜೊತೆ ಜಿನ್ನಾ ಮತ್ತು ಅವರ ಸ್ವತಂತ್ರ ಗುಂಪು ಸೇರಿತ್ತು. ಕಾನೂನು ಬದಲಾಗಿರಲಿಲ್ಲ, ಮತದಾರರ ಪಟ್ಟಿಯ ನಿಯಮ ಬದಲಾಗಿರಲಿಲ್ಲ, 145ರ ಲೆಕ್ಕ ಬದಲಾಗಿರಲಿಲ್ಲ. ಬದಲಾದದ್ದು ಯಾರು ಕೂತಿದ್ದರು ಎಂಬುದು ಮಾತ್ರ. ಬಹಿಷ್ಕಾರದ ಪರವಾಗಿ ಎಷ್ಟು ಬೇಕಾದರೂ ವಾದ ಮಾಡಬಹುದು, ನನಗೂ ಅದರ ಬಗ್ಗೆ ಗೌರವ ಇದೆ. ಆದರೆ 1932ರ ಓಟನ್ನೂ 1936ರ ಓಟನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಮೇಲೆ, ಬಿಟ್ಟ ಕುರ್ಚಿ ಸುಮ್ಮನೆ ಕೂತಿರುವುದಿಲ್ಲ ಅಂತ ನನಗೆ ಅನ್ನಿಸಿದೆ. ಸತ್ಯಮೂರ್ತಿಯವರೂ ಜೀವನದುದ್ದಕ್ಕೂ ಒಳಗೆ ಹೋಗಿ ಹೋರಾಡಬೇಕು ಅನ್ನುತ್ತಿದ್ದವರೇ.

ಜಿನ್ನಾ ಹೆಸರು ಬಂತು. ಅವರ ಬರುವುದು ಹೋಗುವುದೇ ಒಂದು ಅಧ್ಯಾಯ. ರೌಲೆಟ್ ಕಾಯ್ದೆ ವಿರೋಧಿಸಿ 1919ರಲ್ಲಿ, ಈ ಅಸೆಂಬ್ಲಿಗಿಂತ ಮುಂಚೆ ಇದ್ದ ಹಳೇ ಕೌನ್ಸಿಲ್‌ಗೆ ರಾಜೀನಾಮೆ ಕೊಟ್ಟರು. 1923ರಲ್ಲಿ ಮುಂಬಯಿಯ ಮುಸ್ಲಿಂ ಕ್ಷೇತ್ರದಿಂದ ಅಸೆಂಬ್ಲಿಗೆ ಬಂದರು. 1930ರ ದುಂಡು ಮೇಜಿನ ಪರಿಷತ್ತಿಗೆ ಹೋದವರು ಲಂಡನ್ನಿನಲ್ಲೇ ನಿಂತು ವಕೀಲಿ ಮಾಡಿದರು. 1934ರ ಅಕ್ಟೋಬರಿನಲ್ಲಿ ಮುಂಬಯಿಯ ಮುಸ್ಲಿಮರು ಅವರನ್ನು ಮತ್ತೆ ಆರಿಸಿದರು. ಆಗ ಅವರು ಇನ್ನೂ ಲಂಡನ್ನಿನಲ್ಲಿದ್ದರು! ಕ್ಷೇತ್ರಕ್ಕೆ ಮುಖ ತೋರಿಸದೆ ಗೆಲ್ಲುವುದು ಇವತ್ತಿನ ಸಂಶೋಧನೆ ಏನಲ್ಲ.

ಮುಖ ತೋರಿಸಲಾಗದೆ ಗೆದ್ದವರೂ ಇದ್ದರು. ಅದು ಬೇರೆ ಕತೆ. ಬಂಗಾಳದ ಸತ್ಯೇಂದ್ರ ಚಂದ್ರ ಮಿತ್ರ ಅವರನ್ನು 1924ರಲ್ಲಿ ಸುಭಾಷರ ಜೊತೆ ಹಿಡಿದು ಬರ್ಮಾದ ಮಾಂಡಲೆ ಜೈಲಿಗೆ ಕಳಿಸಿದ್ದರು. ವಿಚಾರಣೆ ಇಲ್ಲ, ಶಿಕ್ಷೆ ಇಲ್ಲ, ಸುಮ್ನೆ ಬಂಧನ. 1926ರ ಚುನಾವಣೆಯಲ್ಲಿ ಅವರು ಅಸೆಂಬ್ಲಿಗೆ ಆಯ್ಕೆಯಾದರು. ಕೋರ್ಟಿನಲ್ಲಿ ಶಿಕ್ಷೆಯಾಗಿ ಜೈಲಿಗೆ ಹೋದವನಿಗೆ ಚುನಾವಣೆಗೆ ನಿಲ್ಲಲು ಅಡ್ಡಿ ಇತ್ತು. ಆದರೆ ಕೋರ್ಟಿಗೇ ಕರೆತರದವನಿಗೆ? ಅಡ್ಡಿ ಇಲ್ಲ. ಸರ್ಕಾರ ತಾನು ತೋಡಿದ ಹಳ್ಳಕ್ಕೆ ತಾನೇ ಬಿತ್ತು. 1927ರ ಜನವರಿಯಲ್ಲಿ ದಿಲ್ಲಿಯ ಹೊಸ ಕೌನ್ಸಿಲ್ ಹೌಸ್, ಅಂದರೆ ನಮ್ಮ ಹಳೇ ಸಂಸತ್ ಭವನ, ಉದ್ಘಾಟನೆಯಾಯಿತು. ಗೋಡೆಯ ಸುಣ್ಣ ಒಣಗಿರಲಿಲ್ಲ. ಕೆಲವೇ ದಿನದಲ್ಲಿ ಮೋತಿಲಾಲ್ ಎದ್ದರು. ನಮ್ಮ ಒಬ್ಬ ಸದಸ್ಯನನ್ನು ಇಲ್ಲಿ ಬಂದು ಕೂರಲು ಬಿಡುತ್ತಿಲ್ಲ, ಇದು ಸದನದ ಹಕ್ಕಿನ ಪ್ರಶ್ನೆ ಅಂತ ನಿಲುವಳಿ ತಂದರು. ಸರ್ಕಾರ ಸೋತಿತು. ಎಂಟು ವರ್ಷದ ಮೇಲೆ ಇದೇ ನಾಟಕ ಮತ್ತೆ. 1934ರಲ್ಲಿ ಶರತ್ ಚಂದ್ರ ಬೋಸ್ ಬಂಧನದಲ್ಲಿದ್ದುಕೊಂಡೇ ಆಯ್ಕೆಯಾದರು. 1935ರ ಜನವರಿಯಲ್ಲಿ ಹೊಸ ಅಸೆಂಬ್ಲಿ ಸೇರಿದ ಕೂಡಲೇ ಅವರ ಬಂಧನದ ಮೇಲೆಯೇ ನಿಲುವಳಿ, ಮತ್ತೆ ಸರ್ಕಾರಕ್ಕೆ ಸೋಲು. ಪ್ರಮಾಣ ಸ್ವೀಕರಿಸಿದವರ ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದ ಹೆಸರು, ಇಡೀ ಒಂದು ದಿನದ ಚರ್ಚೆಯಾಗಿಬಿಟ್ಟಿತು.

ಒಬ್ಬ ವಿದ್ಯಾರ್ಥಿನಿ ಆಗಲೇ ಚೀಟಿ ಕಳಿಸಿದ್ದಾರೆ, ಇದರಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ. ಒಳ್ಳೇ ಪ್ರಶ್ನೆ. ಶುರುವಿನಲ್ಲಿ ನಿಲ್ಲುವ ಹಕ್ಕೇ ಇರಲಿಲ್ಲ. ಮೊದಲು ಒಳಗೆ ಹೋದವರು ನಮ್ಮ ಕರಾವಳಿಯ ಮಗಳು. ಮಂಗಳೂರಿನ ಕುದ್ಮುಲ್ ರಂಗರಾಯರು ಗೊತ್ತಲ್ಲ, ದಲಿತ ಮಕ್ಕಳಿಗೆ ಶಾಲೆ ತೆಗೆದವರು. ಅವರ ಮಗಳು ರಾಧಾಬಾಯಿ. ಮದ್ರಾಸಿನ ಪಿ. ಸುಬ್ಬರಾಯನ್ ಅವರನ್ನು ಮದುವೆಯಾಗಿದ್ದರು. 1930ರ ದುಂಡು ಮೇಜಿನ ಪರಿಷತ್ತಿಗೂ ಹೋಗಿದ್ದರು. 1938ರಲ್ಲಿ ಅವರು ಕೇಂದ್ರ ಶಾಸಕಾಂಗಕ್ಕೆ ಚುನಾಯಿತರಾದರು. 1921ರಿಂದ ಎಣಿಸಿ. ಹದಿನೇಳು ವರ್ಷ ಬೇಕಾಯಿತು.

1937ಕ್ಕೆ ಬರೋಣ. ಆ ವರ್ಷ ಪಟ್ಟಿ ಮತ್ತೆ ಕಲಕಿಹೋಗುತ್ತದೆ, ಎರಡು ಕಾರಣಕ್ಕೆ. ಒಂದು, ಬರ್ಮಾ. ಅಸೆಂಬ್ಲಿಯಲ್ಲಿ ಬರ್ಮಾಕ್ಕೆ ನಾಲ್ಕು ಚುನಾಯಿತ ಸ್ಥಾನ ಇದ್ದವು. 1937ರ ಏಪ್ರಿಲ್ 1ಕ್ಕೆ ಬರ್ಮಾವನ್ನು ಇಂಡಿಯಾದಿಂದ ಬೇರೆ ಮಾಡಿದರು. ಆ ನಾಲ್ಕು ಕುರ್ಚಿಗಳ ಕೆಳಗಿನ ನೆಲವೇ ಹೋಯಿತು. ರಾಜೀನಾಮೆ ಇಲ್ಲ, ಸಾವಿಲ್ಲ, ಸೋಲಿಲ್ಲ.

ಎರಡನೇ ಕಾರಣ ಪ್ರಾಂತಗಳಲ್ಲಿ ಬಂದ ನಿಜವಾದ ಅಧಿಕಾರ. 1935ರ ಕಾಯ್ದೆಯ ಪ್ರಕಾರ ಪ್ರಾಂತಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ಬಂದವು. ದಿಲ್ಲಿಯ ಅಸೆಂಬ್ಲಿಯಲ್ಲಿ ಮಾತಾಡಿ, ಗೆದ್ದು, ವೈಸರಾಯ್ ಕೈಯಲ್ಲಿ ಸೋಲುವುದಕ್ಕಿಂತ ಲಖನೌದಲ್ಲಿ ಕೂತು ಆಡಳಿತ ಮಾಡುವುದು ಮೇಲಲ್ಲವೇ? ಗೋವಿಂದ ವಲ್ಲಭ ಪಂತ್ ದಿಲ್ಲಿ ಬಿಟ್ಟು ಸಂಯುಕ್ತ ಪ್ರಾಂತದ, ಅಂದರೆ ಈಗಿನ ಉತ್ತರ ಪ್ರದೇಶದ, ಪ್ರಧಾನಿಯಾದರು (ಪ್ರಾಂತದ ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು). ಶ್ರೀಕೃಷ್ಣ ಸಿನ್ಹಾ ಬಿಹಾರಕ್ಕೆ. ಡಾಕ್ಟರ್ ಖಾನ್ ಸಾಹೇಬ್ ಪೇಶಾವರಕ್ಕೆ. ವಿ. ವಿ. ಗಿರಿ ಮದ್ರಾಸಿನಲ್ಲಿ ಮಂತ್ರಿ. ನಮ್ಮ ಹಿರಿಯರಿಗೆ ಗಿರಿ ಅಂದರೆ 1965ರ ಮೈಸೂರು ರಾಜ್ಯಪಾಲರು, ಆಮೇಲೆ ರಾಷ್ಟ್ರಪತಿ. ಆ ಮನುಷ್ಯನ ಸಾರ್ವಜನಿಕ ಜೀವನದಲ್ಲಿ ಇಂಥ ಒಂದು ದಿಲ್ಲಿಯ ಕುರ್ಚಿಯೂ ಇತ್ತು. 1934ರ ಗೆಲುವಿನ ಒಳ್ಳೊಳ್ಳೆ ತಲೆಗಳು ಹೀಗೆ ಹೋದವು. ಭೂಲಾಭಾಯಿ ದೇಸಾಯಿ ಮತ್ತು ಸತ್ಯಮೂರ್ತಿ ದಿಲ್ಲಿಯಲ್ಲಿ ಉಳಿದು ಗುಂಪನ್ನು ನಡೆಸಿದರು.

ಆಮೇಲೆ ಯುದ್ಧ. ಅಸೆಂಬ್ಲಿಯ ಅವಧಿ ಮೂರು ವರ್ಷ. ಬೇಕಾದರೆ ಗವರ್ನರ್ ಜನರಲ್ ಮುಂದಕ್ಕೆ ಹಾಕಬಹುದು. 1934ರಲ್ಲಿ ಚುನಾಯಿತವಾದದ್ದನ್ನು ಹಾಕಿದರು, ಹಾಕಿದರು, 1945ರವರೆಗೂ ಹಾಕಿದರು! ಮೂರು ವರ್ಷದ ಮನೆ ಹನ್ನೊಂದು ವರ್ಷ ನಿಂತಿತು. ಯೋಚಿಸಿ. 1934ರಲ್ಲಿ ಓಟು ಹಾಕಿದವನಿಗೆ ಮಗು ಹುಟ್ಟಿದ್ದರೆ, ಮುಂದಿನ ಸಲ ಅವನು ಓಟು ಹಾಕುವ ಹೊತ್ತಿಗೆ ಮಗು ಪ್ರಾಥಮಿಕ ಶಾಲೆ ಮುಗಿಸುತ್ತಿತ್ತು. ಈ ಅವಧಿಯಲ್ಲಿ ಸದಸ್ಯರು ಬದಲಾದದ್ದು ಜನರ ಮನಸ್ಸು ಬದಲಾದದ್ದರಿಂದ ಅಲ್ಲ, ಒಬ್ಬೊಬ್ಬರಾಗಿ ಸತ್ತದ್ದರಿಂದ, ಬೇರೆ ಕೆಲಸಕ್ಕೆ ಹೋದದ್ದರಿಂದ. ಸತ್ಯಮೂರ್ತಿ 1943ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ ಸರ್ಕಾರದ ಬೆಂಚಿನ ಮೇಲೆ ಒಂದು ಹೊಸ ಮುಖ ಬಂದಿತ್ತು. 1942ರಿಂದ ಕಾರ್ಮಿಕ ಖಾತೆಯ ಸದಸ್ಯರಾಗಿ ಡಾ. ಅಂಬೇಡ್ಕರ್. ಎದುರು ಕಡೆ ಕಾರ್ಮಿಕರ ಪರವಾಗಿ ಎನ್. ಎಂ. ಜೋಶಿ. ಅವರು 1921ರಿಂದ ಪ್ರತಿ ಸಲ ನೇಮಕವಾಗಿ ಬಂದವರು. ಎಲ್ಲರೂ ಬಂದು ಹೋಗುತ್ತಿದ್ದ ಆ ಮನೆಯಲ್ಲಿ ಕದಲದೆ ಕೂತ ಮನುಷ್ಯ ಒಬ್ಬ ನೇಮಕದ ಸದಸ್ಯ. ನೇಮಕ ಅಂದರೆ ಎಲ್ಲವೂ ಜೀ ಹುಜೂರ್ ಅಲ್ಲ ಅನ್ನುವುದಕ್ಕೆ ಅವರನ್ನೇ ನಾನು ಯಾವಾಗಲೂ ತೋರಿಸುತ್ತೇನೆ.

1945ರ ಕೊನೆಗೆ ಅಂತೂ ಚುನಾವಣೆ ಆಯಿತು. ಮೂವತ್ತಕ್ಕೆ ಮೂವತ್ತೂ ಮುಸ್ಲಿಂ ಸ್ಥಾನ ಮುಸ್ಲಿಂ ಲೀಗ್‌ಗೆ. ಸಾಮಾನ್ಯ ಸ್ಥಾನಗಳು ಹೆಚ್ಚುಕಡಿಮೆ ಎಲ್ಲ ಕಾಂಗ್ರೆಸ್ಸಿಗೆ. ನಡುವಿನವರು, ಸ್ವತಂತ್ರರು ಬಹುಪಾಲು ಮಾಯ. 1936ರಲ್ಲಿ ಒಟ್ಟಾವಾ ವಿರುದ್ಧ ಒಟ್ಟಿಗೆ ಓಟು ಹಾಕಿದ ಬೆಂಚುಗಳ ನಡುವೆ ಈಗ ಗೋಡೆ ಎದ್ದಿತ್ತು. ದೇಶ ಎಲ್ಲಿಗೆ ಹೊರಟಿದೆ ಅಂತ ತಿಳಿಯಲು ಆ ಪಟ್ಟಿಯೊಂದೇ ಸಾಕಿತ್ತು. 1946ರ ಜನವರಿಯಲ್ಲಿ ಅಧ್ಯಕ್ಷರ ಚುನಾವಣೆ. ಗಣೇಶ ವಾಸುದೇವ ಮಾವಳಂಕರ್‌ಗೆ 66, ಕಾವಸ್‌ಜಿ ಜಹಾಂಗೀರ್‌ಗೆ 63. ವಿಠ್ಠಲಭಾಯಿ ಎರಡು ಓಟಿಗೆ ಬಂದ ಪೀಠಕ್ಕೆ ಮಾವಳಂಕರ್ ಮೂರು ಓಟಿಗೆ ಬಂದರು.

1947ರ ಆಗಸ್ಟ್ 14ರ ರಾತ್ರಿ ಆ ಅಸೆಂಬ್ಲಿ ಇಲ್ಲವಾಯಿತು. ಎಲ್ಲ ಕುರ್ಚಿಗಳೂ ಒಂದೇ ಏಟಿಗೆ ಖಾಲಿ. ಚುನಾಯಿತರು, ಸರ್ಕಾರಿಗಳು, ಬೇರಾರಿನವರು, ಎಲ್ಲರೂ.

ಅದೇ ನವೆಂಬರ್ 17ಕ್ಕೆ ಸಂವಿಧಾನ ಸಭೆ ಶಾಸನಸಭೆಯಾಗಿ ಕೂತಿತು. ಹಳೇ ಅಸೆಂಬ್ಲಿಯ ಸಭಾಂಗಣದಲ್ಲೇ. ಮಾವಳಂಕರ್ ಸ್ಪೀಕರ್ ಆಗಿ ಮತ್ತೆ ಆ ಪೀಠ ಹತ್ತಿದರು. ನವೆಂಬರ್ 26ಕ್ಕೆ ಸ್ವತಂತ್ರ ಭಾರತದ ಮೊದಲ ಬಜೆಟ್. ಅದನ್ನು ಓದಲು ಎದ್ದು ನಿಂತ ಹಣಕಾಸು ಮಂತ್ರಿ ಯಾರು ಗೊತ್ತಲ್ಲ? ಷಣ್ಮುಖಂ ಚೆಟ್ಟಿ. ಹದಿಮೂರು ವರ್ಷದ ಹಿಂದೆ ಇದೇ ಸಭಾಂಗಣದ ಪೀಠದಲ್ಲಿ ಕೂತಿದ್ದವರು, ಮದ್ರಾಸಿನ ವ್ಯಾಪಾರಿಗಳು ಬೇಡ ಅಂದದ್ದಕ್ಕೆ ಎದ್ದು ಹೋದವರು. ಈಗ ಕೆಳಗೆ ನಿಂತು, ಮೇಲಿದ್ದ ಮಾವಳಂಕರರ ಕಡೆ ತಿರುಗಿ, ಸ್ಪೀಕರರ ಅಪ್ಪಣೆ ಪಡೆದು ಓದಲು ಶುರು ಮಾಡಿದರು.